ಒಂದು ತಾಸಿನ ತುರಿಕೆ

ನಮ್ಮ ಗದಗಿನಲ್ಲಿ ಈಗ ಒಬ್ಬರ ತುರಿಕೆಯನ್ನು ಇನ್ನೊಬ್ಬರು ಒಂದು ತಾಸು ಇಸಿದುಕೊಳ್ಳಬಹುದು. ಅಂಗೈಗೆ ಅಂಗೈ ಒತ್ತಿದರೆ ಸಾಕು, ನೆರೆಮನೆಯಿಂದ ಸಕ್ಕರೆ ತಂದಷ್ಟೇ ಸಲೀಸು.

ಹೊಲಿಗೆ ಅಂಗಡಿಯ ನೀಲವ್ವ ಇಸುಬಿಗೆಂದು ಹತ್ತು ವರ್ಷ ಸ್ಟೀರಾಯ್ಡ್ ಮುಲಾಮು ಹಚ್ಚಿದವಳು. ಡಾಕ್ಟರ್ ಹೇಳಿದಂತೆ ಅದನ್ನು ಬಿಟ್ಟು ಎಂಟು ತಿಂಗಳಾದರೂ ಮೈ ಇನ್ನೂ ಕೆಂಪಗೆ ಉರಿಯುತ್ತಿತ್ತು, ಚರ್ಮ ಹೊಟ್ಟಿನಂತೆ ಉದುರುತ್ತಿತ್ತು. ಮುಲಾಮಿಗೆ ಒಗ್ಗಿದ ಮೈ ಅದನ್ನು ಬಿಟ್ಟಾಗ ಹೀಗೇ ಉರಿಯುತ್ತದೆ, ನಡುವೆ ಮತ್ತೆ ಹಚ್ಚಿದರೆ ಎಲ್ಲ ಮೊದಲಿನಿಂದ ಶುರು ಎಂದಿದ್ದರು ಡಾಕ್ಟರ್. ನಾಳೆ ತಂಗಿಯ ನಿಶ್ಚಿತಾರ್ಥ. ಮುಖಕ್ಕಷ್ಟೇ ಹಚ್ಚಿಕೊಳ್ಳೋಣವೆಂದು ಅದೇ ಮುಲಾಮಿನ ಹಳೆಯ ಟ್ಯೂಬು ತಂದಿದ್ದಳು.

"ತಡಿ ನನ್ನವ್ವಾ, ಒಂದ್ ತಾಸು ನನಗ ಕೊಡು. ಹಗುರಾಗಿ ಕುಂತು ವಿಚಾರ ಮಾಡು," ಎಂದು ಪಕ್ಕದ ಮಶೀನಿನ ಮಾಬೂಬಿ ಚಾಚಿ ಅಂಗೈ ಒಡ್ಡಿದರು.

ನೀಲವ್ವ ತನ್ನ ಅಂಗೈ ಒತ್ತಿದಳು. ಹತ್ತೇ ನಿಮಿಷ. ಚಾಚಿ ಜಂಪರಿನ ಬಲದೋಳನ್ನು ಎಡಕ್ಕೆ ಹೊಲಿದರು, ಕತ್ತರಿಯ ಹಿಡಿಯಿಂದ ಕುತ್ತಿಗೆ ಕೆರೆದುಕೊಂಡರು, ಕಡೆಗೆ ಕೂಗಿಯೇ ಬಿಟ್ಟರು: "ಏ ಹುಡುಗಿ, ಆ ಟ್ಯೂಬ್ ಇತ್ತಾಗ ಕೊಡು! ಯಾ ಅಲ್ಲಾ, ಇದನ್ನ ಮೈಮ್ಯಾಗ ಹೊತ್ಕೊಂಡು ದಿನಾ ನಕ್ಕೋಂತ ಹೊಲೀತಿದ್ದೆ ಏನ ನೀ?"

ನೀಲವ್ವ ಅವರನ್ನೇ ನೋಡಿದಳು. ಐದು ಮಕ್ಕಳನ್ನು ಹೆತ್ತ ಗಟ್ಟಿ ಹೆಂಗಸು ಹತ್ತು ನಿಮಿಷಕ್ಕೆ ಸೋತಿದ್ದರು. ತಾನು ತಡೆದುಕೊಂಡದ್ದು ಎಂಟು ತಿಂಗಳು.

ಟ್ಯೂಬನ್ನು ಚಿಂದಿಬುಟ್ಟಿಗೆ ಒಗೆದು, ಅವಳು ಚಾಚಿಯ ಅಂಗೈ ಹಿಡಿದಳು. "ವಾಪಸ್ ಕೊಡ್ರಿ, ಅದು ನನಗ ಪಳಗೇತಿ. ನಾಳೆ ಫೋಟೋದಾಗ ಕೆಂಪಗ ಕಂಡ್ರ ಕಾಣ್ಲಿ ಬಿಡ್ರಿ."