ಗೌಡರ ಮನೆಯ ಪರಕಾರ

ಟ್ರಂಕು ತೆರೆದು ಡಾಂಬರ್ ಗುಳಿಗೆಯ ವಾಸನೆ ಬಡಿದಾಗಲೆಲ್ಲ ನಾನು ಜಕ್ಕಲಿಯ ನಮ್ಮ ಶಾಲೆಯ ಕಟ್ಟೆಯ ಮೇಲೆ ನಿಂತಿರುತ್ತೇನೆ.

ಬಡ ಮಕ್ಕಳನ್ನು ಓದಿಸುವ ಸಂಸ್ಥೆಯವರು ಆ ಮಧ್ಯಾಹ್ನ ನನ್ನ ಫೋಟೋ ತೆಗೆಯಲು ಬರುವವರಿದ್ದರು. ಅವ್ವ ಕೂಲಿ ಬಿಟ್ಟು ಬಂದು, ಗೌಡರ ಮನೆಯಿಂದ ಅವರ ಮಗಳ ಪಾದ ಮುಟ್ಟುವ ರೇಷ್ಮೆ ಪರಕಾರ, ಪೋಲಕ ಕೇಳಿ ತಂದಳು. ಆ ವಾಸನೆ ಅದರದೇ. ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಅಬ್ಬಲಿಗೆ ಮುಡಿಸಿ, “ದೊಡ್ಡ ಮಂದಿ ಬರ್ತಾರ, ನಕ್ಕೋತ ನಿಂದ್ರು” ಎಂದಳು.

ಸಂಸ್ಥೆಯಿಂದ ಬಂದು ಕ್ಯಾಮೆರಾ ಹಿಡಿದಿದ್ದ ಅಕ್ಕ ನನ್ನನ್ನು ನೋಡಿ ಮಾಸ್ತರರ ಕಡೆ ತಿರುಗಿದರು. “ಈ ಹುಡುಗಿ ಬಡವರ ಮನೆಯವಳ ಹಾಗೆ ಕಾಣೋದೇ ಇಲ್ಲವಲ್ಲ ಸರ್.”

ಮಾಸ್ತರರು ಅವ್ವನಿಗೆ ಮೆಲ್ಲಗೆ ಏನೋ ಹೇಳಿದರು. “ಹೌದ್ರಿ” ಎಂದ ಅವ್ವ ನನ್ನನ್ನು ಮನೆಗೆ ಎಳೆದೊಯ್ದು ತೋಳು ಹರಿದ ಫ್ರಾಕು ತೊಡಿಸಿದಳು. ಹೂವು ತೆಗೆದಳು. ತಾನೇ ಹೆಣೆದ ಜಡೆ ತಾನೇ ಬಿಚ್ಚಿದಳು. ನಾನು ಚೆಂದ ಕಂಡರೆ ಅವರಿಗೇಕೆ ಬೇಸರವೋ ತಿಳಿಯಲಿಲ್ಲ.

ಮತ್ತೆ ಶಾಲೆಯ ಕಟ್ಟೆ ಹತ್ತಿ ನಿಂತಾಗ, “ನಗಬೇಡ ಪುಟ್ಟಿ” ಎಂದರು ಅಕ್ಕ. ಫೋಟೋ ಆಯಿತು. ಹೊಸ ಬ್ಯಾಗು ನನ್ನ ಹೆಗಲಿಗೆ ಬಂತು.

ಸಂಜೆ ಪರಕಾರ ಮರಳಿಸಲು ಹೋದಾಗ ಗೌಡಶಾನಿ, “ಹ್ಯಾಂಗ ಬಂತ ಫೋಟೋ?” ಎಂದು ಕೇಳಿದರು.

“ಭಾಳ ಚಲೋ ಬಂತ್ರಿ. ನಿಮ್ಮ ಪರಕಾರದಾಗ ಗೊಂಬಿ ಹಂಗ ಕಾಣ್ತಾಳ ಅಂದ್ರು ಎಲ್ಲಾರೂ.”

ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕೆದರಿದ ಕೂದಲನ್ನು ಅಂಗೈಯಿಂದ ಒತ್ತಿ ಒತ್ತಿ ಕೂಡಿಸುತ್ತಿದ್ದಳು.