ನೀಲಿ ಗೆರೆಯ ತೋಟಾ

ಸದ್ದು ಸರಿಯಾಗಿರಲಿಲ್ಲ. ಢಂ ಎನ್ನಬೇಕಾದ ರಿವಾಲ್ವರ್ ಟಪ್ ಅಂದಿತು, ಕೈಗೆ ಒದೆತವೇ ಬರಲಿಲ್ಲ. ಮತ್ತೆ ಟ್ರಿಗರ್ ಎಳೆಯಲು ಹೊರಟಿದ್ದ ಬೆರಳನ್ನು ಎಮೆಟ್ ಹಾಗೇ ತಡೆದ. ಉಳಿದ ತೋಟಾಗಳನ್ನೆಲ್ಲ ಈಚೆ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಆಚೆಯ ಬೆಳಕು ಕಾಣಲಿಲ್ಲ. ತೋಟಾದೊಳಗೆ ಮದ್ದೇ ಇರಲಿಲ್ಲ, ತಳದ ಕಿಡಿಯ ಬಲಕ್ಕಷ್ಟೇ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸಿಡಿದು ಬೆರಳುಗಳು ಹೋಗುತ್ತಿದ್ದವು, ಕಣ್ಣು ಉಳಿದಿದ್ದರೆ ಪುಣ್ಯ.

ಆ ತೋಟಾಕ್ಕೆ ಮದ್ದು ತುಂಬಿದ ಡಾರ್ಸಿ ಗುರಿ ಹೊಡೆಯುವ ಅದೇ ಮೈದಾನದಲ್ಲಿ, ಎಡಗಡೆಯ ಮೇಜಿನಲ್ಲೇ ಇದ್ದ. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಹೊಡೆದು ಖಾಲಿಯಾದ ತೋಟಾಗಳನ್ನು ಆರಿಸಿಕೊಂಡು ಹೋಗಿ ಮನೆಯಲ್ಲಿ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವವರಿಗೆ ಬರವಿಲ್ಲ. ಆದರೆ ಒಬ್ಬ ತುಂಬಿದ್ದನ್ನು ಇನ್ನೊಬ್ಬ ಹೊಡೆಯುವುದಿಲ್ಲ. ಪರರ ಹಲ್ಲುಜ್ಜುವ ಬ್ರಷ್ಷನ್ನೂ ಪರರು ತುಂಬಿದ ತೋಟಾವನ್ನೂ ಮುಟ್ಟಬಾರದು ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಎಮೆಟ್ ಒಬ್ಬ ಮಾತ್ರ ಆ ಮಾತು ಮೀರಿದವನು. ಇಬ್ಬರೂ ಕಲ್ಲಿದ್ದಲ ಗಣಿಯಲ್ಲಿ ಜೊತೆಗೆ ದುಡಿದವರು. ಡಾರ್ಸಿ ಆಧಾರ ಕೊಟ್ಟು ನಿಲ್ಲಿಸಿದ ಬಂಡೆಯ ಕೆಳಗೆ ಇಡೀ ಯೌವನ ತಲೆಯೊಡ್ಡಿ ನಿಂತವನಿಗೆ ಅವನ ತೋಟಾ ಯಾವ ಲೆಕ್ಕ? ಡಾರ್ಸಿಗೂ ಅದೇ ದೊಡ್ಡ ಹೆಮ್ಮೆ. ತಾನು ತುಂಬಿದ ಪ್ರತಿ ತೋಟಾದ ತಳಕ್ಕೂ ನೀಲಿ ಶಾಯಿಯ ಗೆರೆ ಎಳೆಯುತ್ತಿದ್ದ, ಮೈದಾನದಲ್ಲಿ ಕಂಡವರದ್ದರ ಜೊತೆ ಬೆರೆಯದಿರಲಿ ಎಂದು.

ಮೈದಾನ ನೋಡಿಕೊಳ್ಳುವ ವಾಂಡಾಗೆ ಆ ಟಪ್ ಕೇಳಿಸಿತ್ತು. ಎಲ್ಲರ ಬಂದೂಕನ್ನೂ ಕೆಳಗಿಡಿಸಿ ನೆಟ್ಟಗೆ ಎಮೆಟ್‌ನ ಹತ್ತಿರ ಬಂದಳು.

“ಯಾರು ತುಂಬಿದ್ದು ಇದನ್ನ?”

ಡಾರ್ಸಿಯ ಹೆಸರು ಹೇಳಿದರೆ ಅವನ ತೋಟಾಗಳಿಗೆ ಅಂದಿನಿಂದಲೇ ಮೈದಾನ ಬಂದ್. ಮಧ್ಯಾಹ್ನದೊಳಗೆ ಊರಿನ ಪ್ರತಿ ಕಾಫಿ ಲೋಟದ ಮುಂದೆಯೂ ಅದೇ ಸುದ್ದಿ. ಎಮೆಟ್ ನೀಲಿ ಗೆರೆ ಕಾಣದಂತೆ ತೋಟಾಗಳ ಮೇಲೆ ಅಂಗೈ ಇಟ್ಟ. ಬಂದೂಕಿನ ಸಂತೆಯಲ್ಲಿ ಯಾರೋ ಅಗ್ಗಕ್ಕೆ ಮಾರುತ್ತಿದ್ದರು, ಆಸೆಬುರುಕನ ಹಾಗೆ ತಂದುಬಿಟ್ಟೆ, ತಪ್ಪು ನನ್ನದೇ ಎಂದ.

“ನಿಮ್ಮ ವಯಸ್ಸಿನೋರಿಗೆ ನಾನು ಬುದ್ಧಿ ಹೇಳ್ಬೇಕಾ?” ಎಂದಳು ವಾಂಡಾ, ಎಲ್ಲರಿಗೂ ಕೇಳುವಂತೆ. ಆ ಕಡೆಯ ಮೇಜಿನಲ್ಲಿ ಯಾರೋ ನಕ್ಕರು. ಎಮೆಟ್‌ನ ಕಿವಿ ಬಿಸಿಯಾಯಿತು. ಆದರೂ ತೋಟಾಗಳ ಮೇಲಿನ ಅಂಗೈ ತೆಗೆಯಲಿಲ್ಲ.

ಅವಳು ಅತ್ತ ಹೋದ ಮೇಲೆ ಡಾರ್ಸಿ ಹಿತ್ತಾಳೆ ಸರಳು, ಮರದ ಸುತ್ತಿಗೆ ತಂದು ನಳಿಗೆಯೊಳಗಿನ ಗುಂಡನ್ನು ಬಡಿದು ಹೊರಹಾಕಿದ. ಎರಡು ಏಟು ಗುರಿ ತಪ್ಪಿ ಮೇಜಿಗೇ ಬಿದ್ದವು. ಥ್ಯಾಂಕ್ಸ್ ಎನ್ನಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಅದರ ಬದಲು ಹಳೆಯ ಜಗಳ ತೆಗೆದ.

“ಆ ಅಜ್ಜನ ಕಾಲದ್ದನ್ನ ಬಿಸಾಕಿ ನನ್ನ ಹಾಗೆ ಪಿಸ್ತೂಲ್ ತಗೋ ಅಂತ ಎಷ್ಟು ಬಡ್ಕೊಂಡೆ ನಿಂಗೆ?”

“ನನ್ನ ರಿವಾಲ್ವರ್ ನಿನ್ನ ಪಿಸ್ತೂಲಿನ ಹಾಗೆ ಪಕ್ಕದೋರ ಕಾಲರ್ ಒಳಗೆ ಬಿಸಿ ಬಿಸಿ ಖಾಲಿ ತೋಟಾ ಉಗುಳಲ್ಲಪ್ಪ,” ಎಂದ ಎಮೆಟ್, ಎಂದಿನಂತೆ. ಒಳಗೊಳಗೇ ಅವನಿಗೆ ಅಳು ಬರುವಂತಾಗಿತ್ತು. ಗೆಳೆಯನಿಗೆ ವಯಸ್ಸಾಗಿದೆ, ಪಾಪ, ಅವನಿಗೇ ಗೊತ್ತಿಲ್ಲ. ಮುಂದಿನ ವಾರದಿಂದ ಅಂಗಡಿಯ ತೋಟಾ ತಂದು, ಅದಕ್ಕೂ ತಾನೇ ನೀಲಿ ಗೆರೆ ಎಳೆದುಕೊಂಡು, ಅವನದ್ದೇ ಎಂಬಂತೆ ಹೊಡೆದರಾಯಿತು. ಅವನು ಕೊಟ್ಟಿದ್ದು ಮನೆಯ ಅಟ್ಟದಲ್ಲಿ ಬಿದ್ದಿರಲಿ. ಅವನ ಮನಸ್ಸು ಮುರಿಯುವುದು ಬೇಡ.

ಆಟ ಮುಗಿದ ಮೇಲೆ ಖಾಲಿ ತೋಟಾ ಆರಿಸುವುದು ಯಾವತ್ತೂ ಎಮೆಟ್‌ನ ಕೆಲಸ. ಡಾರ್ಸಿಯ ಸೊಂಟ ಬಗ್ಗುವುದಿಲ್ಲ. ಎಮೆಟ್ ಕಾಫಿಪುಡಿಯ ಹಳೇ ಡಬ್ಬ ಹಿಡಿದು ಬಗ್ಗಿದಾಗ ಡಾರ್ಸಿ, ಇವತ್ತು ಬೇಡ ಬಿಡೋ, ಹಾಳಾಗಿ ಹೋಗಲಿ ಎಂದ. ಹಿತ್ತಾಳೆ ಕಂಡರೆ ಚಿನ್ನ ಕಂಡಂತೆ ಆಡುವವನು ಹೀಗೇಕೆ ಎಂದುಕೊಳ್ಳುತ್ತಲೇ ಎಮೆಟ್ ಅವನ ಪಿಸ್ತೂಲು ಉಗುಳಿದ್ದೊಂದನ್ನು ಎತ್ತಿದ. ಫಳಫಳ ಹೊಳೆಯುತ್ತಿತ್ತು. ತಿರುಗಿಸಿ ನೋಡಿದ. ತಳದಲ್ಲಿ ಗೆರೆಯಿರಲಿಲ್ಲ. ಇನ್ನೊಂದು ಎತ್ತಿದ, ಮತ್ತೊಂದು ಎತ್ತಿದ. ಎಲ್ಲವೂ ಅಂಗಡಿಯವು, ಹೊಚ್ಚ ಹೊಸವು.

“ಡಾರ್ಸಿ, ಏನೋ ಇದು?”

ಡಾರ್ಸಿ ಗುಡ್ಡದ ಕಡೆ ನೋಡಿದ. ಮೆಲ್ಲಗೆ, ತುಂಡು ತುಂಡಾಗಿ ಹೇಳಿದ. ಹಿಂದೊಮ್ಮೆ ಅವನ ಪಿಸ್ತೂಲಿನಲ್ಲೂ ಗುಂಡು ಹೀಗೇ ಸಿಕ್ಕಿಕೊಂಡಿತ್ತಂತೆ. ಕೈ ನಡುಗುತ್ತದಂತೆ, ಯಾವುದಕ್ಕೆ ಮದ್ದು ಹಾಕಿದೆ, ಯಾವುದಕ್ಕೆ ಇಲ್ಲ ಎಂಬುದು ಮರೆಯುತ್ತದಂತೆ. ಅಂದಿನಿಂದ ತನಗೆ ಅಂಗಡಿಯದ್ದೇ ತರುತ್ತಿದ್ದಾನಂತೆ.

ಎಮೆಟ್ ತನ್ನ ಬಲಗೈ ನೋಡಿಕೊಂಡ. ಐದೂ ಬೆರಳು ಇದ್ದವು.

“ಗೊತ್ತಿದ್ದೂ ನಂಗ್ಯಾಕೋ ಕೊಟ್ಟೆ?”

“ನೀನೂ ಬೇಡ ಅಂದ್ಬಿಟ್ರೆ ನಾನು ಇನ್ಯಾರಿಗೆ ತುಂಬ್ಲಿ?”

ಹಾಗೆಂದವನೇ ಡಾರ್ಸಿ, ಮೇಜಿನ ಮೇಲಿದ್ದ ಎಮೆಟ್‌ನ ನೀಲಿ ಗೆರೆಯ ಖಾಲಿ ತೋಟಾಗಳನ್ನು ಬಳಿದು ಜೇಬಿಗೆ ಹಾಕಿಕೊಂಡ. ಮುಂದಿನ ಶನಿವಾರಕ್ಕೆ ತುಂಬಬೇಕಿತ್ತಲ್ಲ.