ಮೇಷ್ಟ್ರ ಪೊರೆ

ಬಾಗಿಲ ಹಿಂದೆ ನಿಂತು ಕದ್ದು ಕೇಳುವುದು ಪ್ರೊಫೆಸರರಿಗೆ ಶೋಭಿಸುವ ಕೆಲಸವಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು. ಆದ್ದರಿಂದ ಅವರು ಹೈಡ್ರೋಜನ್ ಸಿಲಿಂಡರಿನ ಮಾಪಕ ನೋಡುವವರಂತೆ ಬಗ್ಗಿ ನಿಂತು ಕೇಳಿದರು.

ಲ್ಯಾಬಿನೊಳಗೆ ಅವರ ಶಿಷ್ಯೆ ಫೋನಿನಲ್ಲಿದ್ದಳು.

"ಹೂಂ ಮೇಡಂ, ಮೇಷ್ಟ್ರ ಪೊರೆ ತೆಗೀಲೇಬೇಕು. ಇನ್ನು ಕಾಯೋ ಹಾಗಿಲ್ಲ. ಇಲ್ಲಪ್ಪ, ಅವರಿಗೆ ಹೇಳಿಲ್ಲ. ಹೇಳಿದ್ರೆ ಕೂಗಾಡ್ತಾರೆ ಅಷ್ಟೇ. ಗುರುವಾರ ಮುಗಿಸಿಬಿಡೋಣ."

ಮೇಷ್ಟ್ರಿಗೆ ಬಗ್ಗಿದ ಬೆನ್ನು ನೆಟ್ಟಗಾಗಲಿಲ್ಲ. ಅರ್ಧ ಆಘಾತ, ಅರ್ಧ ವಯಸ್ಸು.

'ಮೇಷ್ಟ್ರ ಪೊರೆ' ಎಂದರೆ ಏನೆಂದು ಇಡೀ ವಿಭಾಗಕ್ಕೆ ಗೊತ್ತು. ಇಂಧನ ಕೋಶದಲ್ಲಿ ಒಂದು ಕಡೆಯಿಂದ ಹೈಡ್ರೋಜನ್ ಬರುತ್ತದೆ, ಇನ್ನೊಂದು ಕಡೆಯಿಂದ ಗಾಳಿ. ಎರಡೂ ನೇರವಾಗಿ ಬೆರೆಯದಂತೆ ನಡುವೆ ಕಾಗದಕ್ಕಿಂತ ತೆಳ್ಳಗಿನ ಪೊರೆ. ಅದು ಕೆಟ್ಟರೆ ಕೋಶದ ಕಥೆ ಮುಗಿಯಿತು. ಬೇರೆಲ್ಲ ಪೊರೆಗಳಿಗಿಂತ ಹೆಚ್ಚು ಕಾಲ ಬಾಳುವಂಥದ್ದೊಂದನ್ನು ಮೇಷ್ಟ್ರು ತಯಾರಿಸಿದ್ದರು. ಅವರ ಮನೆಯಲ್ಲಿ ಕೊಡೆ, ಕುಕ್ಕರಿನ ಹಿಡಿ, ಚಪ್ಪಲಿಯ ಪಟ್ಟಿ ಒಂದೂ ವರ್ಷ ತುಂಬುತ್ತಿರಲಿಲ್ಲ ಎಂಬುದು ಬೇರೆ ಮಾತು. ಆ ಬೇರೆ ಮಾತನ್ನು ಆಡಲು ಹೆಂಡತಿ ಇದ್ದರು. "ನಾನು ಬಾಳಿಕೆ ತಜ್ಞ ಕಣೆ, ರಿಪೇರಿ ತಜ್ಞ ಅಲ್ಲ" ಎಂದು ಮೇಷ್ಟ್ರು ಜಾರಿಕೊಳ್ಳುತ್ತಿದ್ದರು.

ಪೊರೆಯ ಕೀರ್ತಿ ಲ್ಯಾಬಿನ ಹೊರಗೂ ಹಬ್ಬಿತ್ತು. ಕಳೆದ ತಿಂಗಳು ಹೆಂಡತಿ ತಪಾಸಣೆಗೆಂದು ಎಳೆದುಕೊಂಡು ಹೋಗಿದ್ದಾಗ ಡಾಕ್ಟರೇ "ನಿಮ್ಮ ಪೊರೆ..." ಎಂದು ಮಾತು ತೆಗೆದಿದ್ದರು. ಆ ಬಡಪಾಯಿಗೆ ವಾಕ್ಯ ಮುಗಿಸಲು ಬಿಡದೆ ಮೇಷ್ಟ್ರು ಅಲ್ಲೇ ಒಂದು ತರಗತಿ ತೆಗೆದುಕೊಂಡಿದ್ದರು.

ಆ ಪೊರೆಯ ಬಾಳಿಕೆ ಪರೀಕ್ಷೆಯೇ ಶಿಷ್ಯೆಯ ಪಿಎಚ್.ಡಿ. ಪೊರೆ ಒಣಗಬಾರದು, ಹಾಗಾಗಿ ಅವಳು ಸದಾ ತೇವದ ಮಾಪಕದ ಮುಂದೆ. ಲ್ಯಾಬಿನಲ್ಲಿ ಅವಳಿಗೆ 'ತೇವಮ್ಮ' ಎಂದೇ ಹೆಸರು. ಒಂದೇ ಬಗೆಯ ಕೋಶಗಳ ಸಾಲು ಎಡೆಬಿಡದೆ ಓಡುತ್ತಿತ್ತು; ಆಗಾಗ ಒಂದನ್ನು ಬಿಚ್ಚಿ ಪೊರೆ ನೋಡುತ್ತಿದ್ದರು. ತೇವಮ್ಮನ ನಕ್ಷೆಗಳಲ್ಲಿ ವೋಲ್ಟೇಜಿನ ಗೆರೆ ಇಳಿಯುವ ಮಾತೇ ಇರಲಿಲ್ಲ. ಮೇಷ್ಟ್ರು ಕುಣಿದಾಡಬೇಕಿತ್ತು. ಆದರೆ ಅವರದು ಹಳೇ ಪದ್ಧತಿ. ಪೊರೆಯನ್ನು ಚಿಮುಟದಲ್ಲಿ ಹಿಡಿದು, ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಭೂತಗನ್ನಡಿ ಒತ್ತಿ, ಕಿಟಕಿಯ ಬೆಳಕಿಗೆ ನೋಡಲೇಬೇಕು.

ನೋಡಿದರೆ, ಅಂಚಿನಿಂದ ಅಂಚಿಗೆ ಹಳದಿ ಮಬ್ಬು.

"ನೋಡಮ್ಮ, ಕೆಟ್ಟುಹೋಗ್ತಿದೆ."

"ನನಗೆ ಹಾಗೆ ಕಾಣ್ತಿಲ್ವಲ್ಲ ಸರ್."

"ನೋಡಬಾರದು ಅಂತ ಹಟ ಹಿಡಿದವರಿಗೆ ಆನೆ ಬಂದು ನಿಂತ್ರೂ ಕಾಣಲ್ಲ."

ತೇವಮ್ಮ ಮೇಷ್ಟ್ರ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದಳು. ಕಳ್ಳರು ಹೀಗೆಯೇ ನೋಡುತ್ತಾರೆ ಎಂದು ಮೇಷ್ಟ್ರು ತೀರ್ಮಾನಿಸಿದರು. ಕಳ್ಳರನ್ನು ಅವರು ಹತ್ತಿರದಿಂದ ಕಂಡವರೇನಲ್ಲ.

ಮರುವಾರದಿಂದ ಅವಳು ನಕ್ಷೆಗಳ ಅಕ್ಷರ ದೊಡ್ಡದು ಮಾಡಿ ಮುದ್ರಿಸಿ ತರತೊಡಗಿದಳು. ಅಕ್ಷರ ದಪ್ಪವಾದಷ್ಟೂ ಸುಳ್ಳು ದಪ್ಪ ಎಂದುಕೊಂಡರು ಮೇಷ್ಟ್ರು. ಹೋಲಿಕೆಗೆ ಹೊಸ ಮಾದರಿ ಇಟ್ಟುಕೊಳ್ಳದವನು ವಿಜ್ಞಾನಿಯೇ ಅಲ್ಲ ಎಂದು ಪ್ರತಿವರ್ಷ ಪಾಠ ಮಾಡುವವರು ಅವರು. ಮುಚ್ಚಿಟ್ಟ ಡಬ್ಬಿಯಿಂದ ಬಳಸದ ಪೊರೆಯೊಂದನ್ನು ತೆಗೆದು ಬೆಳಕಿಗೆ ಹಿಡಿದರು. ಅದೂ ಅಷ್ಟೇ ಹಳದಿ, ಅಷ್ಟೇ ಮಬ್ಬು. ಇನ್ನೇನು ಸಾಕ್ಷಿ ಬೇಕು? ಹೊಸದನ್ನು ಕೋಶಕ್ಕೆ ಸೇರಿಸಿ, ಸವೆದದ್ದನ್ನು ಡಬ್ಬಿಗೆ ಹಾಕಿದ್ದಾಳೆ! ನೇರ ಗೆರೆಯ ಗುಟ್ಟು ಅದೇ.

ಈಗ ಈ ಫೋನು. ಮೇಡಂ ಎಂದರೆ ಇನ್ನಾರು, ಪಕ್ಕದ ಲ್ಯಾಬಿನ ಮುಖ್ಯಸ್ಥೆ. ಹೋದ ವರ್ಷವೇ ಪೊರೆಯ ಒಂದು ತುಂಡು ಕೇಳಿದ್ದರು.

ನಾಳೆ ಅವಳ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಸೇರಲಿತ್ತು. ಮೇಷ್ಟ್ರು 'ಮೋಸ' ಎಂಬ ಒಂದೇ ಪದ ಆಡಿದರೆ ತೇವಮ್ಮನ ಪಿಎಚ್.ಡಿ. ನೀರುಪಾಲು. ಜೊತೆಗೆ ಅವರ ಪೊರೆಯ ಮಾನವೂ. ತಮ್ಮ ಬಾಳಿಕೆ ಮುಗಿದ ಮೇಲೂ ಬಾಳುವ ಒಂದೇ ಒಂದು ವಸ್ತು ಅದು ಎಂದು ಅವರು ನೆಚ್ಚಿದ್ದರು.

ಬಾಗಿಲು ತಳ್ಳಿ ಒಳನುಗ್ಗಿದರು. ಎದುರಿಗಿದ್ದ ಸ್ಟೂಲು ಎಡವಿ, ಮೇಜು ಹಿಡಿದು ನಿಂತು, ಉಳಿದಷ್ಟು ಗಾಂಭೀರ್ಯ ಒಟ್ಟುಗೂಡಿಸಿದರು.

"ಗುರುವಾರ ಪೊರೆ ತೆಗೀತೀರೋ?"

ತೇವಮ್ಮ ಬೆಚ್ಚಿದಳು. "ಅಯ್ಯೋ, ಕೇಳಿಸ್ಕೊಂಡ್ರಾ ಸರ್?"

"ಎಲ್ಲಾ ಕೇಳಿಸ್ಕೊಂಡೆ. ನಿಜ ಹೇಳು. ಕೆಟ್ಟಿದೆ ತಾನೇ?"

ಅವಳು ತಲೆ ತಗ್ಗಿಸಿದಳು. "ಕೆಟ್ಟಿದೆ ಸರ್. ನನಗೆ ಯಾವತ್ತೋ ಗೊತ್ತಾಗಿತ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಮೇಷ್ಟ್ರು ಕುರ್ಚಿಗಾಗಿ ತಡಕಾಡಿ ಕುಳಿತರು. ಗೆದ್ದರು, ಗೆದ್ದಷ್ಟೂ ಸೋತರು.

"ನನ್ನನ್ನೊಂದು ಮಾತು ಕೇಳ್ಬಾರದಿತ್ತೇನಮ್ಮ?"

"ಮೇಡಂ ಒಪ್ಪಿದ್ರಲ್ಲ ಸರ್, ಅದಕ್ಕೇ..."

"ಯಾರು ಅವರು ಒಪ್ಪೋಕೆ? ಅದು ನನ್ನ ಪೊರೆ!"

"ನಿಮ್ದೇ ಸರ್, ಯಾರು ಇಲ್ಲ ಅಂದ್ರು?" ತೇವಮ್ಮ ಇನ್ನೂ ಕಟ್ಟಾಗದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. "ಮೇಡಂ, ನೀವೇ ಹೇಳಿ."

ಅದರಿಂದ ಬಂದದ್ದು ಮೇಷ್ಟ್ರು ಮೂವತ್ತು ವರ್ಷದಿಂದ ಮನೆಯಲ್ಲಿ ಕೇಳುತ್ತಿದ್ದ ದನಿ: "ರೀ, ಆ ಹುಡುಗಿಯ ಕೋಶದಲ್ಲಿರೋ ಪೊರೆ ಗಾಜಿನ ಹಾಗಿದೆಯಂತೆ, ಅದರ ತಂಟೆಗೆ ಹೋಗ್ಬೇಡಿ; ಗುರುವಾರ ಕಣ್ಣಾಸ್ಪತ್ರೆಯಲ್ಲಿ ತೆಗೆಯೋದು ನಿಮ್ದನ್ನ, ಮೊದಲು ಎಡಗಣ್ಣು."